ಈ ಅಕ್ಕಿ ಎಲ್ಲಿಯದು?

ಆಯ್ದಕ್ಕಿಯ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಕೇಳದ ಶರಣಬಂಧುಗಳು ವಿರಳ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಬಡ ದಂಪತಿಗಳಲ್ಲಿ ಪತಿಯ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ತಂದುದನ್ನು ಅಟ್ಟು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಆ ಮನೆಯ ನಿತ್ಯನೇಮ. ಒಂದು ದಿನ ಮಾರಯ್ಯನು ತಂದ ಗಂಟು ಎಂದಿಗಿಂತ ದೊಡ್ಡದಾಗಿತ್ತು. ಲಕ್ಕಮ್ಮ ಅದನ್ನು ಒಲೆಯ ಬಳಿಗೆ ಒಯ್ಯಲಿಲ್ಲ. ಇಷ್ಟು ಅಕ್ಕಿ ಎಲ್ಲಿಂದ ಬಂದಿತೆಂದು ಕೇಳಿದಳು. ಉತ್ತರ ಮನಸ್ಸಿಗೆ ಒಪ್ಪಲಿಲ್ಲ. ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿದಳು. ಶೂನ್ಯಸಂಪಾದನೆಯು ಈ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸಿದೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಶೆಯನ್ನು ಗೆಲ್ಲುವ ಪಾಠವೆಂದು ಹೇಳುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಅನ್ನದ ಮೂಲವನ್ನು ಕೇಳಿದ ಗೃಹಿಣಿ ಆಕೆ. ಕೇಳುವುದಕ್ಕೆ ಆಕೆಗೆ ಯಾವ ಸಾಧನವೂ ಬೇಕಾಗಲಿಲ್ಲ. ಪತಿಯ ಕಾಯಕವೇನು, ಅದಕ್ಕೆ ದಿನವೊಂದಕ್ಕೆ ಎಷ್ಟು ದಕ್ಕುತ್ತದೆ, ಎಂಬುದನ್ನು ಆಕೆ ಬಲ್ಲಳು. ಗಂಟನ್ನು ಕೈಯಲ್ಲಿ ಎತ್ತಿದೊಡನೆ ಅದರ ಭಾರವೇ ಆಕೆಗೆ ಸಾಕ್ಷಿ ನುಡಿಯಿತು. ಅಕ್ಕಿ ಬಿದ್ದ ಅಂಗಳಕ್ಕೂ ಅಕ್ಕಿ ಬೇಯುವ ಒಲೆಗೂ ನಡುವೆ ಒಂದು ಕೇರಿಯ ದೂರ ಮಾತ್ರ ಇದ್ದಿತು. ಇಂದು ಆ ದೂರವು ಸಾವಿರಾರು ಮೈಲಿಗಳಾಗಿರುವಾಗ ಲಕ್ಕಮ್ಮನ ಪ್ರಶ್ನೆಯನ್ನು ಕೇಳುವ ಬಗೆ ಯಾವುದು? ಯಂತ್ರವು ನಮಗಾಗಿ ಕೇಳಿ ಉತ್ತರ ತಂದುಕೊಟ್ಟರೆ ಅದರಿಂದ ನಮ್ಮ ಕರ್ತವ್ಯವು ಮುಗಿಯಿತೆನ್ನಬಹುದೇ?

ಈ ವಿಚಾರ ನನ್ನ ತಲೆಗೆ ಹೊಕ್ಕುದು ಒಂದು ಉಪಾಹಾರ ಮಂದಿರದಲ್ಲಿ. ಕಳೆದ ವರ್ಷ ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದಾಗ ಮೊಮ್ಮಗಳು ನಮ್ಮನ್ನು ಅಲ್ಲಿಗೆ ಕರೆದೊಯ್ದಳು. ಮೇಜಿನ ಮೇಲೆ ಕಪ್ಪುಬಿಳಿ ಚೌಕಗಳ ಚಿತ್ರವಿದ್ದ ಒಂದು ಚೀಟಿಯನ್ನು ನಿಲ್ಲಿಸಿದ್ದರು. ಅವಳು ಮೊಬೈಲನ್ನು ಅದರ ಮುಂದೆ ಹಿಡಿದಳು. ನಾವು ಕುಡಿಯಲಿದ್ದ ಕಾಫಿಯು ಚಿಕ್ಕಮಗಳೂರಿನ ಯಾವ ತೋಟದ್ದು, ಆ ತೋಟ ಎಷ್ಟು ಎತ್ತರದಲ್ಲಿದೆ, ಹಣ್ಣು ಬಿಡಿಸಿದ ತಿಂಗಳು ಯಾವುದು, ಎಲ್ಲವೂ ಪರದೆಯ ಮೇಲೆ ಮೂಡಿದುವು. ಕೊನೆಗೆ ತೋಟದ ಯಜಮಾನರ ನಗುಮುಖದ ಛಾಯಾಚಿತ್ರವೂ ಬಂದಿತು. “ನೋಡ್ರಿ ಅಜ್ಜಾ, ಇವರು ಬೆಳೆದದ್ದನ್ನ ನಾವು ಕುಡಿಯಾಕತ್ತೀವಿ” ಎಂದು ಅವಳು ಹಿಗ್ಗಿದಳು. ನನಗೂ ಸಂತೋಷವಾಯಿತು. ಇಡ್ಡಲಿ ಬಂದಾಗ ನಾನು ಸುಮ್ಮನಿರಲಾರದೆ, ಇದರ ಅಕ್ಕಿ ಎಲ್ಲಿಯದಪ್ಪಾ, ಎಂದು ಬಡಿಸುವ ಹುಡುಗನನ್ನು ಕೇಳಿದೆನು. ಅವನು ಒಂದು ಕ್ಷಣ ಯೋಚಿಸಿ “ಗೋಡೌನಿಂದು ಸಾರ್” ಎಂದನು. ಅವನ ಊರು ಯಾವುದೆಂದು ಕೇಳಲಾಗಿ ಒಡಿಶಾದ ಒಂದು ಹಳ್ಳಿಯ ಹೆಸರು ಹೇಳಿದನು. ಅವನನ್ನು ಕುರಿತು ಮೇಜಿನ ಮೇಲೆ ಯಾವ ಚೀಟಿಯೂ ಇರಲಿಲ್ಲ.

ಆ ಚೌಕಚಿತ್ರಕ್ಕೆ ಕ್ಯೂಆರ್ ಕೋಡ್ ಎಂದು ಹೆಸರು. ಜಪಾನಿನ ಡೆನ್ಸೋ ಸಂಸ್ಥೆಯವರು 1994ರಲ್ಲಿ ಮೋಟಾರು ಗಾಡಿಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ ಅದನ್ನು ಕಂಡುಹಿಡಿದರು. ಬೋಲ್ಟು ನಟ್ಟುಗಳಿಗೆಂದು ಹುಟ್ಟಿದ ಗುರುತು ಇಂದು ಅನ್ನದ ತಟ್ಟೆಯ ಬಳಿ ಬಂದು ನಿಂತಿದೆ.

ನಮ್ಮ ಬಿಜಾಪುರದ ಕಡೆಯ ಒಕ್ಕಲು ಮನೆತನಗಳಲ್ಲಿ ಎರಡು ತಲೆಮಾರುಗಳ ಹಿಂದೆ ಇಂತಹ ಗುರುತಿನ ಅವಶ್ಯಕತೆ ಇರಲಿಲ್ಲ. ತಟ್ಟೆಯಲ್ಲಿನ ರೊಟ್ಟಿ ಯಾವ ಹೊಲದ ಜೋಳದ್ದೆಂಬುದು ಉಣ್ಣುವ ಮಗುವಿಗೂ ಗೊತ್ತಿತ್ತು. ಎಳ್ಳಮಾವಾಸ್ಯೆಯ ದಿನ ಅದೇ ಹೊಲದಲ್ಲಿ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಂಡು ಬಂದ ಮಗು ಅದು. ಕಣದಲ್ಲಿ ರಾಶಿಯಾದ ಮೇಲೆ ಬಡಿಗ, ಕಮ್ಮಾರ, ಕುಂಬಾರ ಮೊದಲಾದವರ ಆಯವನ್ನು ಅಳೆದು ಕೊಟ್ಟ ಬಳಿಕವೇ ಕಾಳು ಹಗೇವಿಗೆ ಇಳಿಯುತ್ತಿತ್ತು. ಆದ್ದರಿಂದ ಯಾರ ಯಾರ ಬೆವರು ಆ ಕಾಳಿನಲ್ಲಿ ಸೇರಿದೆ ಎಂಬುದೂ ಎಲ್ಲರಿಗೂ ಕಾಣುತ್ತಿತ್ತು. ಆ ಕಾಲವನ್ನು ನಾನು ಹಾಡಿ ಹೊಗಳಲಾರೆ. ಆಯದ ಸೇರಿನಲ್ಲಿ ಮೋಸವಿತ್ತು, ಕಣದ ಅಂಚಿನಲ್ಲಿ ದೂರ ನಿಂತು ಕೈಯೊಡ್ಡುವವರಿದ್ದರು. ಅವರ ಹಸಿವೂ ಎಲ್ಲರ ಕಣ್ಣಿಗೆ ಕಾಣುವಂತೆಯೇ ಇದ್ದಿತು, ಕಂಡುದರಿಂದ ಅದು ತೀರಲಿಲ್ಲ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗಿದೆ.

ಅನ್ನದ ಜಾಡನ್ನು ಹಿಡಿಯುವ ಈ ವಿದ್ಯೆ ಬರಿಯ ಕುತೂಹಲದಿಂದ ಬೆಳೆದುದಲ್ಲ, ಸಾವುಗಳ ಮೇಲೆ ಬೆಳೆಯಿತು. 2006ರಲ್ಲಿ ಅಮೆರಿಕೆಯಲ್ಲಿ ಚೀಲದಲ್ಲಿ ಮಾರುವ ಹಸಿ ಪಾಲಕ್ ಸೊಪ್ಪನ್ನು ತಿಂದ ಸುಮಾರು 200 ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಸೊಪ್ಪಿಗೆ ವಿಷಕಾರಿ ಬ್ಯಾಕ್ಟೀರಿಯಾ ಎಲ್ಲಿ ಅಂಟಿತೆಂಬುದು ತಿಳಿಯುವವರೆಗೆ ದೇಶದಲ್ಲಿ ಯಾರೂ ಆ ಸೊಪ್ಪನ್ನು ತಿನ್ನಬಾರದೆಂದು ಸರಕಾರವು ಸಾರಬೇಕಾಯಿತು. ಉಳಿದ ಚೀಲಗಳ ಮೇಲಿನ ಸಂಖ್ಯೆಯ ಜಾಡು ಹಿಡಿದು ಹೋಗಿ ಕ್ಯಾಲಿಫೋರ್ನಿಯಾದ ಒಂದು ಹೊಲದ ಸಮೀಪಕ್ಕೆ ಮುಟ್ಟಿದರು. ಎಲ್ಲಿಯೋ ಒಂದು ತುಂಡು ನೆಲದಲ್ಲಿ ಆದ ದೋಷಕ್ಕೆ ನಿರಪರಾಧಿಗಳಾದ ಎಷ್ಟೋ ಒಕ್ಕಲಿಗರ ಬೆಳೆ ಮಣ್ಣುಪಾಲಾಯಿತು. ಮುಂದೆ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿಯವರು ಒಂದು ಪರೀಕ್ಷೆ ನಡೆಸಿದರು. ಹೆಚ್ಚಿಟ್ಟ ಮಾವಿನಹಣ್ಣಿನ ಒಂದು ಪೊಟ್ಟಣವನ್ನು ಮುಂದಿಟ್ಟು, ಇದು ಯಾವ ತೋಟದ್ದೆಂದು ತಮ್ಮ ಸಿಬ್ಬಂದಿಯನ್ನು ಕೇಳಿದರು. ಉತ್ತರ ಸಿಗಲು 6 ದಿನ 18 ಗಂಟೆ 26 ನಿಮಿಷ ಹಿಡಿಯಿತು. ಬ್ಲಾಕ್‌ಚೈನ್ ಎಂಬ ಹೊಸ ಬಗೆಯ ಲೆಕ್ಕದ ಪದ್ಧತಿಯನ್ನು ಜೋಡಿಸಿದ ಮೇಲೆ ಅದೇ ಉತ್ತರ 2.2 ಸೆಕೆಂಡುಗಳಲ್ಲಿ ಬಂದಿತು. ಕಾಯಿಲೆ ಹರಡುತ್ತಿರುವಾಗ ಏಳು ದಿನಕ್ಕೂ ಎರಡು ಸೆಕೆಂಡಿಗೂ ಇರುವ ಅಂತರವೆಂದರೆ ಪ್ರಾಣಗಳ ಅಂತರ. ಇದನ್ನು ಹಗುರವಾಗಿ ಕಾಣುವ ಹಕ್ಕು ಯಾವ ವಿಚಾರವಂತನಿಗೂ ಇಲ್ಲ.

ಜಪಾನಿನ ಉದಾಹರಣೆಯು ಇನ್ನೂ ಹತ್ತಿರದ್ದು, ಏಕೆಂದರೆ ಅದು ಅಕ್ಕಿಯದು. 2008ರಲ್ಲಿ ಅಲ್ಲಿ, ಉಣ್ಣಲು ಯೋಗ್ಯವಲ್ಲವೆಂದು ಕೈಗಾರಿಕೆಯ ಕೆಲಸಕ್ಕೆ ಮಾತ್ರ ಮಾರಿದ್ದ, ಬೂಷ್ಟಿನ ವಿಷ ಮತ್ತು ಕೀಟನಾಶಕ ತಗುಲಿದ ಅಕ್ಕಿಯನ್ನು ವ್ಯಾಪಾರಿಗಳು ಉಣ್ಣುವ ಅಕ್ಕಿಯೆಂದು ಮಾರಿದುದು ಬಯಲಾಯಿತು. ಮರುವರ್ಷವೇ ಆ ದೇಶವು ಅಕ್ಕಿಯ ಜಾಡನ್ನು ಕುರಿತಾದ ಒಂದು ಕಾನೂನನ್ನು ಮಾಡಿತು. 2010ರಿಂದ ಅಕ್ಕಿಯನ್ನು ಕೊಳ್ಳುವ ಮಾರುವ ಪ್ರತಿಯೊಬ್ಬನೂ ಲೆಕ್ಕವಿಡಬೇಕಾಯಿತು. 2011ರಿಂದ, ಊಟದ ಮನೆಯಲ್ಲಿ ಬಡಿಸುವ ಅನ್ನದ ಅಕ್ಕಿ ಎಲ್ಲಿ ಬೆಳೆದುದೆಂಬುದನ್ನು ಉಣ್ಣುವವನಿಗೆ ತಿಳಿಸುವುದು ಕಡ್ಡಾಯವಾಯಿತು. ಇದಕ್ಕೆ ಭಾರಿ ಯಂತ್ರಗಳೇನೂ ಬೇಕಾಗಿಲ್ಲ, ಗೋಡೆಯ ಮೇಲೆ ಒಂದು ಸಾಲು ಬರೆದು ಅಂಟಿಸಿದರೂ ಸಾಕು. ನಮ್ಮಲ್ಲಿ 2022ರ ಜನವರಿ 1ರಿಂದ ಹೋಟೆಲಿನ ಬಿಲ್ಲಿನ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರಬೇಕೆಂಬ ನಿಯಮವಾಗಿದೆ. ಅದರಿಂದ ಅಡಿಗೆ ಮಾಡಿದ ಮನೆ ಯಾವುದೆಂಬುದು ತಿಳಿಯುತ್ತದೆ. ಕಾಳು ಬಂದ ಹೊಲ ತಿಳಿಯುವುದಿಲ್ಲ. ಕಾಫಿ ಮಂಡಲಿಯು 2019ರಲ್ಲಿ ಬೆಳೆಗಾರನಿಂದ ಕೊಳ್ಳುವವನವರೆಗೆ ಜಾಡು ಕಾಣುವಂತಹ ಒಂದು ಬ್ಲಾಕ್‌ಚೈನ್ ಪೇಟೆಯನ್ನು ಪ್ರಾಯೋಗಿಕವಾಗಿ ತೆರೆಯಿತು. ಇಂತಹ ಪ್ರಯತ್ನಗಳು ಇನ್ನೂ ಕೆಲವು ಇವೆ. ಆದರೆ ನಾನು ಹತ್ತಿರದಿಂದ ಬಲ್ಲುದು ದ್ರಾಕ್ಷಿಯ ಸಂಗತಿ, ಅದನ್ನೇ ವಿವರಿಸುತ್ತೇನೆ.

2003ರಲ್ಲಿ ನಮ್ಮ ದೇಶದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಮಿತಿಮೀರಿದ ಕೀಟನಾಶಕದ ಅಂಶ ಕಂಡುಬಂದು ದೊಡ್ಡ ಗುಲ್ಲಾಯಿತು. 2005ರ ಜನವರಿಯಿಂದ ಯುರೋಪಿನ ಒಕ್ಕೂಟದಲ್ಲಿ, ಆಹಾರವನ್ನು ಮಾರುವ ಪ್ರತಿಯೊಬ್ಬನೂ ತಾನು ಯಾರಿಂದ ಕೊಂಡೆ, ಯಾರಿಗೆ ಕೊಟ್ಟೆ, ಎಂಬುದನ್ನು ತೋರಿಸಲೇಬೇಕೆಂಬ ಕಾನೂನು ಜಾರಿಗೆ ಬಂದಿತು. ಆಗ ನಮ್ಮ ರಫ್ತು ಪ್ರಾಧಿಕಾರವಾದ ಅಪೇಡಾ 2006ರಲ್ಲಿ ಗ್ರೇಪ್‌ನೆಟ್ ಎಂಬ ಏರ್ಪಾಡನ್ನು ಕಟ್ಟಿತು. ಇದರಲ್ಲಿ ರಫ್ತಿಗೆ ಬೆಳೆಯುವ ಪ್ರತಿಯೊಂದು ದ್ರಾಕ್ಷಿ ಪ್ಲಾಟಿಗೂ ತೋಟಗಾರಿಕೆ ಇಲಾಖೆಯಲ್ಲಿ ನೋಂದಣಿಯಾಗಿ ಒಂದು ಸಂಖ್ಯೆ ದೊರೆಯುತ್ತದೆ. ಯಾವ ದಿನ ಯಾವ ಔಷಧಿ ಹೊಡೆದೆವೆಂಬುದನ್ನು ಬರೆದಿಡಬೇಕು. ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂಬ ಕಟ್ಟಳೆಯನ್ನು ಪಾಲಿಸಬೇಕು. ಪ್ರಯೋಗಾಲಯದವರು ತಾವೇ ತೋಟಕ್ಕೆ ಬಂದು ಹಣ್ಣಿನ ಮಾದರಿಯನ್ನು ಒಯ್ಯುತ್ತಾರೆ. ವಿಷದ ಅಂಶವು ಮಿತಿಯನ್ನು ಮೀರಿದ್ದರೆ ಆ ಪ್ಲಾಟಿನ ಹಣ್ಣಿಗೆ ಯುರೋಪಿಗೆ ಹೋಗುವ ಪ್ರಮಾಣಪತ್ರ ದೊರೆಯುವುದಿಲ್ಲ. ಹೀಗಾಗಿ ಹಾಲೆಂಡಿನ ಮನೆಯೊಂದರಲ್ಲಿ ಮಗು ತಿನ್ನುವ ಗೊಂಚಲು ಮಹಾರಾಷ್ಟ್ರದ ಇಲ್ಲವೆ ಕರ್ನಾಟಕದ ಯಾವ ರೈತನ ಯಾವ ಬದುವಿನೊಳಗಿನದೆಂದು ಹುಡುಕಿ ತೆಗೆಯಬಹುದಾಗಿದೆ. ಜಗತ್ತಿನ ಎದುರು ನಮ್ಮವರು ಎದೆಯೆತ್ತಿ ಹೇಳಿಕೊಳ್ಳಬಹುದಾದ ಕೆಲಸವಿದು.

ಹಾಗೆಂದು ಕಣ್ಣು ಮುಚ್ಚಿ ನಂಬಬಹುದಾದ ಕೆಲಸವೂ ಅಲ್ಲ. 2010ರಲ್ಲಿ ಇಷ್ಟೆಲ್ಲ ಕಟ್ಟಳೆಯನ್ನು ದಾಟಿ ಹೋದ ದ್ರಾಕ್ಷಿಯನ್ನು ಯುರೋಪಿನವರು ಮತ್ತೆ ತಡೆದರು. ಬಳ್ಳಿಯ ಸೊಕ್ಕಿದ ಬೆಳವಣಿಗೆಯನ್ನು ಹಿಡಿದು ನಿಲ್ಲಿಸಲು ಬಳಸುವ ಕ್ಲೋರ್ಮೆಕ್ವಾಟ್ ಎಂಬ ರಾಸಾಯನಿಕದ ಅಂಶ ಅದರಲ್ಲಿ ಸಿಕ್ಕಿತು. ನಮ್ಮ ಪ್ರಯೋಗಾಲಯಗಳು ಹುಡುಕಬೇಕಾದ ಪದಾರ್ಥಗಳ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಹುಡುಕೆಂದು ಹೇಳದುದನ್ನು ಯಂತ್ರವು ಹುಡುಕಲಿಲ್ಲ, ಅದರ ತಪ್ಪೇನು? ನೂರಾರು ರೈತರು ಆ ವರ್ಷ ಸಾಲದಲ್ಲಿ ಮುಳುಗಿದರು.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಚಿಕ್ಕಪ್ಪನ ಮಗನು ದ್ರಾಕ್ಷಿಯ ಒಕ್ಕಲಿಗನು, ಪ್ರಾಮಾಣಿಕನು, ನಿತ್ಯ ಲಿಂಗಪೂಜೆಯಿಲ್ಲದೆ ನೀರು ಮುಟ್ಟದವನು. ಅವನ ತೋಟದ ಒಂದು ಭಾಗಕ್ಕೆ ರಫ್ತಿನ ನೋಂದಣಿ ಇದೆ. ಉಳಿದ ಭಾಗದ ಹಣ್ಣು ಪೇಟೆಗೂ ಒಣದ್ರಾಕ್ಷಿಗೂ ಹೋಗುತ್ತದೆ. ಪ್ರತಿ ವರ್ಷ ಫಾಲ್ಗುಣದಲ್ಲಿ ಅವನು ನಮ್ಮ ಮನೆಗೆ ಒಂದು ಬುಟ್ಟಿ ಹಣ್ಣು ಕಳುಹುತ್ತಾನೆ. ಊರ ಜಾತ್ರೆಯ ದಾಸೋಹಕ್ಕೂ ಹತ್ತು ಹದಿನೈದು ಬುಟ್ಟಿಗಳನ್ನು ನಮ್ಮ ಮನೆತನದ ಹೆಸರಿನಲ್ಲಿ ಒಪ್ಪಿಸುವುದು ತಂದೆಯವರ ಕಾಲದಿಂದ ನಡೆದುಬಂದ ಸೇವೆ. ಮೂರು ವರ್ಷಗಳ ಹಿಂದೆ ನಾನು ತೋಟಕ್ಕೆ ಹೋಗಿದ್ದಾಗ ಬಾವಿಯ ಪಕ್ಕದ ನಾಲ್ಕು ಸಾಲುಗಳು ಉಳಿದವುಗಳಿಗಿಂತ ಬೇರೆಯಾಗಿ ಕಂಡವು. ಎಲೆಗಳಲ್ಲಿ ಅಲ್ಲಲ್ಲಿ ಹುಳುವಿನ ತೂತು. ಗೊಂಚಲುಗಳು ಸಣ್ಣವು, ಕಾಯಿ ಒಂದೇ ಸಮನಲ್ಲ. ಇವೇಕೆ ಹೀಗೆ, ಎಂದೆನು. “ಇವು ಮನೀಗೆ ಅಣ್ಣಾ. ಇದಕ್ಕ ಎಣ್ಣಿ ಹೊಡಿಯೂದಿಲ್ಲ. ನಿಮಗ ಬರೂ ಬುಟ್ಟೀನೂ ಇದರಾಗಿಂದ” ಎಂದನು. ಎಣ್ಣೆಯೆಂದರೆ ನಮ್ಮ ಕಡೆ ಕೀಟನಾಶಕ. ಜಾತ್ರೆಯ ಬುಟ್ಟಿಗಳು ಎಲ್ಲಿಯವು, ಎಂದು ಕೇಳಿದೆನು. ಅವನು ಪೇಟೆಗೆ ಹೋಗುವ ಸಾಲುಗಳ ಕಡೆಗೆ ಕೈ ತೋರಿಸಿದನು. ಹಿಂದೊಮ್ಮೆ ಪರೀಕ್ಷೆಯಲ್ಲಿ ನಿಲ್ಲದೆ ಹೋದ ರಫ್ತಿನ ಹಣ್ಣು ಏನಾಯಿತು, ಎಂದು ನಾನು ಮುಂದೆ ಕೇಳಲಿಲ್ಲ. ಕೇಳದಿದ್ದರೂ ಉತ್ತರ ಇಬ್ಬರಿಗೂ ತಿಳಿದಿತ್ತು.

ನಾನು ಆ ವರ್ಷ ಬುಟ್ಟಿಯನ್ನು ಸ್ವೀಕರಿಸಿದೆನು. ಜಾತ್ರೆಯ ದಾಸೋಹವೂ ಎಂದಿನಂತೆ ನಡೆಯಿತು. ನಾನೇ ಪಂಕ್ತಿಯಲ್ಲಿ ನಿಂತು ಮಕ್ಕಳ ಎಲೆಗೆ ಹಣ್ಣು ಬಡಿಸಿದೆನು. ಒಂದೇ ತೋಟದಲ್ಲಿ ಮೂರು ಪಂಕ್ತಿಗಳಾಗಿದ್ದವು. ಮೊದಲನೆಯದು ಹಾಲೆಂಡಿನವರದು, ಅವರು ಸಂಖ್ಯೆ ಕೇಳಿ, ಪರೀಕ್ಷೆ ಮಾಡಿಸಿ ಉಣ್ಣುವವರು. ಎರಡನೆಯದು ನಮ್ಮದು, ರಕ್ತಸಂಬಂಧದ ಬಲದಿಂದ ಶುದ್ಧವಾದುದು ದೊರೆಯುವವರು. ಮೂರನೆಯದು ಸಂತೆಯವರದು, ಜಾತ್ರೆಯವರದು. ಕೇಳಲು ಬಾಯಿ ಇಲ್ಲದವರು, ಕೇಳಬಹುದೆಂದು ತಿಳಿಯದವರು. ಪಂಕ್ತಿಭೇದವು ಮಹಾಪಾಪವೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ನನಗೆ ನಾನು ಸೌಟು ಹಿಡಿದು ಪಂಕ್ತಿಭೇದ ಮಾಡುತ್ತಿದ್ದೇನೆಂಬುದು ಅಂದು ಹೊಳೆಯಲಿಲ್ಲ, ಹೊಳೆಯಲು ಬಿಡಲಿಲ್ಲ ಎಂದರೆ ಹೆಚ್ಚು ಸರಿ. ನಮ್ಮ ದೇಶದಲ್ಲಿಯೂ 2006ರ ಆಹಾರ ಸುರಕ್ಷತೆಯ ಕಾಯ್ದೆ ಇದೆ, ಕೀಟನಾಶಕಗಳಿಗೆ ಮಿತಿಗಳನ್ನು ಗೊತ್ತುಮಾಡಿದ್ದಾರೆ, ಅಧಿಕಾರಿಗಳು ಮಾದರಿ ತೆಗೆಯುವುದೂ ಉಂಟು. ಆದರೆ ನಮ್ಮೂರ ಸಂತೆಯ ಬುಟ್ಟಿಗೆ ಪ್ಲಾಟಿನ ಸಂಖ್ಯೆಯಿಲ್ಲ. ಯುರೋಪಿನವರಿಗೆ ತೋರಿಸಲು ಬರುವ ವಿದ್ಯೆಯನ್ನು ನೆರೆಮನೆಯವರಿಗೆ ತೋರಿಸಲು ಬಾರದೆಂದರೆ ಯಾರು ನಂಬುತ್ತಾರೆ? ಕೊರತೆಯು ವಿದ್ಯೆಯದಲ್ಲ, ಬೇಡವೆಂದು ತಿರುಗಿಸಿ ಕಳುಹಿಸುವ ಬಲವು ಮೂರನೆಯ ಪಂಕ್ತಿಯವರಿಗೆ ಇಲ್ಲದುದೇ ಕೊರತೆ. ಲಕ್ಕಮ್ಮನಿಗೆ ಆ ಬಲವಿತ್ತು. ಬಡತನದಲ್ಲಿಯೂ ಆಕೆಗೆ ಅದು ಹೇಗೆ ಬಂದಿತೆಂಬುದನ್ನು ನಾನು ಇನ್ನೂ ಚಿಂತಿಸುತ್ತಿದ್ದೇನೆ.

ಅನ್ನದ ಮೂಲವನ್ನು ಕೇಳುವ ಅಭ್ಯಾಸ ನಮ್ಮ ದೇಶಕ್ಕೆ ಹೊಸದಲ್ಲ, ಎಂದು ಕೆಲವರು ಹೇಳಬಹುದು. ಹೌದು, ಹಳೆಯದೇ, ಆದರೆ ಕೇಳುತ್ತಿದ್ದ ಪ್ರಶ್ನೆ ಬೇರೆ. ಯಾರು ಅಟ್ಟರು, ಯಾರು ಮುಟ್ಟಿದರು, ಅವರ ಕುಲ ಯಾವುದು, ಎಂದು ಕೇಳಿ ತಟ್ಟೆಯನ್ನು ಸರಿಸುತ್ತಿದ್ದ ಸಮಾಜವಿದು. ಹನ್ನೆರಡನೆಯ ಶತಮಾನದ ಶರಣರು ಆ ಪ್ರಶ್ನೆಯನ್ನು ಕಿತ್ತೊಗೆದು ಅದರ ಜಾಗದಲ್ಲಿ ಬೇರೊಂದನ್ನು ಇಟ್ಟರು: ಇದು ಕಾಯಕದಿಂದ ಬಂದುದೋ, ಇನ್ನೊಬ್ಬರನ್ನು ಹಿಂಡಿ ತಂದುದೋ? ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಮನೆಯ ಅಂಬಲಿ, ಸೌದೆ ಹೊರುವ ಮೋಳಿಗೆಯ ಮಾರಯ್ಯನ ಮನೆಯ ಗಂಜಿ ಪವಿತ್ರವಾದುದು ಈ ಎರಡನೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿದ್ದುದರಿಂದ. ಶರಣರ ಹೆಸರು ಹೇಳುವ ನಾವೇ ಎಷ್ಟೋ ಸಲ ಹಳೆಯ ಪ್ರಶ್ನೆಗೆ ಮರಳಿದ್ದೇವೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಹೊಸ ಯಂತ್ರವು ಯಾವ ಪ್ರಶ್ನೆಯನ್ನು ಹೊತ್ತು ತರುತ್ತದೆಂಬುದು ಆದ್ದರಿಂದ ಎಚ್ಚರದಿಂದ ನೋಡಬೇಕಾದ ವಿಷಯ. ಪರದೆಯ ಮೇಲೆ ಬೆಳೆದವನ ಹೆಸರು ಮೂಡಿದಾಗ, ನಮ್ಮ ನಾಡಿನಲ್ಲಿ ಹೆಸರಿನೊಡನೆ ಕುಲವೂ ಮತವೂ ಮೂಡುತ್ತವೆ. 2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರದಲ್ಲಿ ಕಾವಡಿ ಯಾತ್ರಿಕರು ನಡೆಯುವ ದಾರಿಯ ಊಟದಂಗಡಿಗಳು ತಮ್ಮ ಒಡೆಯರ ಹೆಸರನ್ನು ಹಲಗೆಯ ಮೇಲೆ ಬರೆಯಬೇಕೆಂದು ಪೋಲೀಸರು ಆಜ್ಞೆ ಮಾಡಿದರು. ಆ ವರ್ಷದ ಜುಲೈ 22ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆದು, ಯಾವ ಬಗೆಯ ಆಹಾರವೆಂಬುದನ್ನು ತಿಳಿಸಬಹುದು, ಒಡೆಯರ ಮತ್ತು ಕೆಲಸಗಾರರ ಹೆಸರನ್ನು ಬರೆಯಲು ಬಲಾತ್ಕರಿಸಕೂಡದು, ಎಂದಿತು. ಉಣ್ಣುವವನಿಗೆ ತಿಳಿವು ಬೇಕೆಂಬ ಮಾತೇ ಎರಡೂ ಕಡೆ ಇದೆ. ಒಂದು ಕಡೆ ಅದು ವಿಷವನ್ನು ದೂರವಿಡುತ್ತದೆ, ಇನ್ನೊಂದು ಕಡೆ ಮನುಷ್ಯನನ್ನು. ಕೇಳುವವನ ಮನಸ್ಸಿನಲ್ಲಿ ಏನಿದೆಯೆಂಬುದನ್ನು ಕ್ಯೂಆರ್ ಕೋಡು ಓದಲಾರದು.

ಬ್ಲಾಕ್‌ಚೈನ್ ಎಂಬುದರ ಹೆಗ್ಗಳಿಕೆಯನ್ನು ಈಗ ಬಹಳವಾಗಿ ಕೇಳುತ್ತೇವೆ. ನನಗೆ ತಿಳಿದಮಟ್ಟಿಗೆ ಹೇಳುವುದಾದರೆ, ಒಂದೇ ಲೆಕ್ಕದ ಪುಸ್ತಕವು ಅನೇಕರ ಬಳಿ ಏಕಕಾಲಕ್ಕೆ ಇರುತ್ತದೆ. ಒಮ್ಮೆ ಬರೆದ ಸಾಲನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲಾರರು. ಹಿಂದಿನ ಕುಲಕರ್ಣಿಯ ದಫ್ತರದಲ್ಲಿ ರಾತ್ರಿ ಕಳೆಯುವುದರೊಳಗೆ ಹೊಲದ ಹೆಸರು ಬದಲಾಗುತ್ತಿದ್ದುದನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಮೊದಲ ದಿನವೇ ಸುಳ್ಳು ಬರೆದರೆ ಆ ಸುಳ್ಳೂ ಅಳಿಯದಂತೆ ನಿಲ್ಲುತ್ತದೆ. ಸಿಂಪರಣೆಯ ತಾರೀಖನ್ನು ಬರೆಯುವವನು ತೋಟದಲ್ಲಿ ಒಬ್ಬನೇ ನಿಂತಿರುವ ಮನುಷ್ಯ. ಅವನ ಅಂತರಂಗವು ನೆಟ್ಟಗಿರಬೇಕು. ನೆಟ್ಟಗಿರುವಷ್ಟು ಬೆಲೆಯೂ ಅವನಿಗೆ ಸಿಕ್ಕಬೇಕು. ಸಾಲಗಾರನು ಬಾಗಿಲಲ್ಲಿ ಕುಳಿತಿರುವಾಗ ಕೊಯ್ಲನ್ನು ಇನ್ನು ಹತ್ತು ದಿನ ತಡೆ, ಎಂದು ಹೇಳುವುದು ಕುಳಿತಲ್ಲಿಂದ ಸುಲಭ.

ಮತ್ತೂ ಒಂದು ಮಾತು. ಈ ನೋಟವೆಲ್ಲ ಒಂದೇ ದಿಕ್ಕಿನದು. ಉಣ್ಣುವವನು ಬೆಳೆದವನನ್ನು ನೋಡುತ್ತಾನೆ. ಬೆಳೆದವನಿಗೆ ಉಣ್ಣುವವನು ಕಾಣನು. ತನ್ನ ಕಾಫಿಯ ಬಟ್ಟಲು ಬೆಂಗಳೂರಿನ ಮೇಜಿನ ಮೇಲೆ ಎಷ್ಟು ರೂಪಾಯಿಗೆ ಮಾರಿತೆಂಬುದು ತೋಟದಲ್ಲಿ ಹಣ್ಣು ಬಿಡಿಸಿದ ಹೆಂಗಸಿಗೆ ಯಾವ ಪರದೆಯೂ ಹೇಳುವುದಿಲ್ಲ. ಆಕೆಯ ದಿನಗೂಲಿ ಎಷ್ಟೆಂಬುದು ನಮಗೂ ಮೂಡುವುದಿಲ್ಲ. ತೋಟದ ಎತ್ತರವನ್ನು ಅಡಿಗಳಲ್ಲಿ ಹೇಳುವ ಯಂತ್ರಕ್ಕೆ ಕೂಲಿಯನ್ನು ರೂಪಾಯಿಗಳಲ್ಲಿ ಹೇಳುವುದು ಕಷ್ಟದ ಕೆಲಸವೇ? ಹೇಳಿಸಿಲ್ಲ, ಆದ್ದರಿಂದ ಹೇಳಿಲ್ಲ. ಕ್ಲೋರ್ಮೆಕ್ವಾಟಿನಂತೆ ಇದೂ ಪಟ್ಟಿಯಲ್ಲಿಲ್ಲ. ಕಣದ ಅಂಚಿನಲ್ಲಿ ಕೈಯೊಡ್ಡಿ ನಿಂತವರ ಮಾತನ್ನು ಮೇಲೆ ಎತ್ತಿದ್ದೆನಷ್ಟೆ. ಅಂದು ಅವರು ಕಾಣುತ್ತಿದ್ದರು, ನೋಡಿಯೂ ನೋಡದಂತಿದ್ದೆವು. ಇಂದು ಕಾಣದಂತೆ ದೂರದಲ್ಲಿದ್ದಾರೆ. ನಗುಮುಖದ ಚಿತ್ರವೊಂದನ್ನು ನೋಡಿ ಎಲ್ಲವನ್ನೂ ಕಂಡೆವೆಂದು ಸಮಾಧಾನಪಡುತ್ತೇವೆ. ಇದಕ್ಕಾಗಿ ಯಂತ್ರವನ್ನು ಬೈಯುವುದು ವ್ಯರ್ಥ, ಕನ್ನಡಿಯನ್ನು ಯಾವ ಕಡೆಗೆ ತಿರುಗಿಸಿ ಹಿಡಿಯುವೆವೋ ಆ ಕಡೆಯದೇ ಅದರಲ್ಲಿ ಕಾಣುವುದು.

ಪದಾರ್ಥವು ಲಿಂಗಾರ್ಪಿತವಾದ ಬಳಿಕ ಪ್ರಸಾದವಾಗುತ್ತದೆ. ಆಮೇಲೆ ಅದರ ಪೂರ್ವವನ್ನು ಕೆದಕುವುದು ಭಕ್ತನಿಗೆ ತಕ್ಕುದಲ್ಲ, ಎಂದು ನನ್ನೊಡನೆ ವಾದಿಸಿದ ಹಿರಿಯರುಂಟು. ಅವರ ಮಾತಿಗೆ ತಲೆಬಾಗುತ್ತೇನೆ. ಪ್ರಸಾದದಲ್ಲಿ ಆರಿಸುವುದು, ಹಳಿಯುವುದು ಸಲ್ಲದು. ಆದರೆ ಅರ್ಪಿಸುವುದಕ್ಕೆ ಮುಂಚೆ ಒಂದು ಗಳಿಗೆ ಇದೆಯಷ್ಟೆ. ಲಕ್ಕಮ್ಮ ಮಾತನಾಡಿದುದು ಆ ಗಳಿಗೆಯಲ್ಲಿ. ಅಟ್ಟು ಬಡಿಸಿದ ಮೇಲೆ ಆಕೆ ಕೇಳಲಿಲ್ಲ. ಉಣ್ಣಲು ಕುಳಿತ ಜಂಗಮನಾಗಲಿ, ಜಾತ್ರೆಯಲ್ಲಿ ಎಲೆಯ ಮುಂದೆ ಕುಳಿತ ಮಗುವಾಗಲಿ ಏನನ್ನೂ ಕೇಳಬೇಕಾಗಿಲ್ಲ. ಅವರ ಪರವಾಗಿ ಕೇಳುವ ಹೊಣೆ ನೀಡುವ ಕೈಯದು. ನನ್ನ ಮೊಮ್ಮಗಳು ಮೇಜಿನ ಮುಂದೆ ಕುಳಿತು ಮೊಬೈಲು ಹಿಡಿದು ಕೇಳಬೇಕಾಗಿ ಬಂದುದೇ ನೀಡುವ ಕೈಗಳು ಕೇಳುವುದನ್ನು ಬಿಟ್ಟುದರಿಂದ, ಎಂದು ನನಗೆ ತೋರುತ್ತದೆ. ಹಾಗೆ ನೋಡಿದರೆ ಆ ಚೀಟಿಯನ್ನು ಮೇಜಿನ ಮೇಲೆ ಇಟ್ಟ ಅಂಗಡಿಯವನು ಅಷ್ಟರಮಟ್ಟಿಗೆ ನನಗಿಂತ ಮೇಲು.

ಈ ವರ್ಷ ಜಾತ್ರೆಯ ಸಿದ್ಧತೆ ಆರಂಭವಾದಾಗ ತಮ್ಮನು ಎಂದಿನಂತೆ ಮನೆಗೆ ಬಂದು, ಬುಟ್ಟಿಗಳು ಎಷ್ಟು ಬೇಕು, ಎಂದು ಕೇಳಿದನು. ನಾನು ಲೆಕ್ಕ ಹೇಳತೊಡಗಿದಾಗ ನನ್ನ ಮನೆಯವರು ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟು, “ಯಾವ ಸಾಲಿನವು?” ಎಂದರು. ಮೂರು ವರ್ಷ ಮನೆಯಲ್ಲಿ ನಾನು ಆಡದಿದ್ದ ಮಾತು ಅವರಿಗೆ ಎಲ್ಲಿಂದ ತಿಳಿಯಿತೋ ನಾನರಿಯೆ. ಬುಟ್ಟಿಯಲ್ಲಿನ ಗೊಂಚಲಿಗೂ ಪಂಕ್ತಿಯಲ್ಲಿನ ಗೊಂಚಲಿಗೂ ಇರುವ ವ್ಯತ್ಯಾಸವನ್ನು ಕಣ್ಣಿನಿಂದಲೇ ಅಳೆದಿರಬೇಕು. ತಮ್ಮನು ನೆಲವನ್ನು ನೋಡುತ್ತ ಕುಳಿತನು. ನಾಲ್ಕು ಸಾಲಿನಲ್ಲಿ ಹದಿನೈದು ಬುಟ್ಟಿ ಆಗುವುದಿಲ್ಲ ವೈನಿ, ಎಂದನು. ಆಗದಿದ್ದರೆ ಎರಡೇ ಕೊಡೋಣ, ಎಂದರು ಅವರು. ತಂದೆಯವರ ಕಾಲದ ಸೇವೆಗೆ ಕುಂದಾಗುತ್ತದೆಂದು ನಾನು ಬಾಯಿ ಹಾಕಿದೆನು. ನನ್ನ ಮಾತು ನನಗೇ ರುಚಿಸಲಿಲ್ಲ.

ಬಹಳ ಹೊತ್ತು ಕಳೆದ ಮೇಲೆ ತಮ್ಮನೇ ಒಂದು ದಾರಿ ಹೇಳಿದನು. ಪೇಟೆಯ ಸಾಲುಗಳಲ್ಲಿ ಕೊನೆಯ ಸಿಂಪರಣೆಯಾಗಿ ಎಷ್ಟು ದಿನವಾಯಿತೆಂಬುದು ಅವನ ವಹಿಯಲ್ಲಿದೆ. ರಫ್ತಿನ ಹಣ್ಣಿಗೆ ಮಾಡಿಸುವ ಪರೀಕ್ಷೆಯನ್ನೇ ಅದಕ್ಕೂ ಮಾಡಿಸಬಹುದು. ಅದಕ್ಕೆ ಕೆಲವು ಸಾವಿರ ರೂಪಾಯಿ ತಗಲುತ್ತದೆ. ಅರ್ಧ ನಾನು ಹಾಕುತ್ತೇನೆ, ಎಂದೆನು. ಪರೀಕ್ಷೆಯಲ್ಲಿ ನಿಲ್ಲದಿದ್ದರೆ ಆ ಹಣ್ಣನ್ನು ಪೇಟೆಗೂ ಕಳುಹುವುದು ಹೇಗೆ, ಎಂಬ ಪ್ರಶ್ನೆ ಮೂವರ ನಡುವೆ ಬಂದು ನಿಂತಿತು. ಅವನಿಗೆ ಬ್ಯಾಂಕಿನ ಕಂತು ಇದೆ, ಮಗಳ ಮದುವೆ ಗೊತ್ತಾಗಿದೆ. ಯಾರೂ ಉತ್ತರ ಹೇಳಲಿಲ್ಲ. ಮರುದಿನ ಅವನು ಎರಡು ಗೊಂಚಲುಗಳನ್ನು ಚೀಲದಲ್ಲಿ ಕಟ್ಟಿ, ಸಾಲಿನ ಸಂಖ್ಯೆಯನ್ನು ಮೇಲೆ ಬರೆದು, ಪ್ರಯೋಗಾಲಯಕ್ಕೆ ಕಳುಹಿದನು. ಜಾತ್ರೆಗೆ ಇನ್ನು ಒಂಬತ್ತು ದಿನಗಳಿವೆ. ವರದಿ ಬಂದಿಲ್ಲ.